ಸ್ಕೋಪಿನ ಸಿಟ್ಟು

ಮಂಜಣ್ಣ, ಅವತ್ತು ನಿನ್ನ ಕೈ ಸುಟ್ಟದ್ದು ದೇವರಲ್ಲ, ನಾನು. ಕರೆಂಟಿನ ಅಲೆಯನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪ್ಲಗ್ಗಿನಿಂದ ಅರ್ಥಿಂಗ್ ಪಿನ್ನನ್ನು ಗರಗಸದಲ್ಲಿ ಕೊಯ್ದು ತೆಗೆದಿದ್ದೆ — ಹೊನ್ನಾವರದ ನಮ್ಮಿಬ್ಬರ ಅಂಗಡಿಯಲ್ಲೇ, ನೀನಿಲ್ಲದ ಹೊತ್ತು ನೋಡಿ.

ಭಟ್ಕಳದ ಐಸ್ ಫ್ಯಾಕ್ಟರಿಯಿಂದ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಒಂದು ರಿಪೇರಿಗೆ ಬಂದಿತ್ತಲ್ಲ? ಅದರೊಳಗೆ ಅಳತೆಗೆ ಸೊನ್ನೆಯೆಂದು ಹಿಡಿಯುವ ತಂತಿಯೇ ನೆಲಕ್ಕಿಂತ ನೂರಾರು ವೋಲ್ಟ್ ಮೇಲೆ ತೇಲುತ್ತಿತ್ತು. ಆ ತಂತಿಗೆ ಸಿಕ್ಕಿಸಬೇಕಾದ ಸ್ಕೋಪಿನ ಕ್ಲಿಪ್ಪಾದರೋ ಪ್ಲಗ್ಗಿನ ಅರ್ಥಿಂಗ್ ಪಿನ್ನಿನ ಮೂಲಕ ನೆಲಕ್ಕೇ ಸೇರಿದ್ದು. ಸಿಕ್ಕಿಸಿದರೆ ಕಿಡಿ ಹಾರಿ ಫ್ಯೂಸ್ ಹೋಗುತ್ತಿತ್ತು. ಇಂಥದ್ದನ್ನು ಅಳೆಯಲು ಡಿಫರೆನ್ಷಿಯಲ್ ಪ್ರೋಬ್ ಎಂಬುದು ಬೇರೆಯೇ ಇದೆ. ತರಿಸಲು ನನಗೆ ತಾಳ್ಮೆಯೆಲ್ಲಿತ್ತು?

ಪಿನ್ನು ಹೋದ ಮೇಲೆ ಕಿಡಿಯಿಲ್ಲ. ಹಸಿರು ಗೆರೆ ಎಷ್ಟು ಚೆಂದ ಮೂಡಿತು! ಆದರೆ ಆ ನೂರಾರು ವೋಲ್ಟ್ ಈಗ ಸ್ಕೋಪಿನ ತಗಡಿನ ಮೈಮೇಲೇ ನಿಂತಿತ್ತು. ನನಗೆ ಗೊತ್ತಿತ್ತು — ಗೊತ್ತಿದ್ದೂ, ಯಾರು ಮುಟ್ಟುತ್ತಾರೆ ಎಂದು...

ಅಂದು ಆಯುಧಪೂಜೆ. ನೀನು ಮೋಟಾರಿಗೆ ತಂತಿ ಸುತ್ತುವ ನಿನ್ನ ಯಂತ್ರಗಳಿಗೆಲ್ಲ ಕುಂಕುಮವಿಟ್ಟು ಬಂದೆ, ತೊಳೆದ ನೆಲದ ಮೇಲೆ ಬರಿಗಾಲಲ್ಲಿ.

"ಇದನ್ನ ಆರ್ಸೂದಿಲ್ಲನಾ?" ಎಂದೆ ನೀನು, ಡ್ರೈವಿಗೆ ಸಿಕ್ಕಿಸಿಯೇ ಇದ್ದ ಸ್ಕೋಪಿನ ಮುಂದೆ ನಿಂತು.

"ಎಂತ ಆಗೂದಿಲ್ಲ, ಇಡು," ಎಂದೆ. ತಲೆಯನ್ನೂ ಎತ್ತಲಿಲ್ಲ.

ನೀನು ಕುಂಕುಮದ ಬೆರಳನ್ನು ಸ್ಕೋಪಿಗೆ ಒತ್ತಿದೆ. ಒದ್ದೆ ಬೆರಳು ತಗಡಿಗೆ ಅಂಟಿ ಮೈಯೆಲ್ಲ ನಡುಗುತ್ತಿದ್ದರೂ ಆ ಗೆರೆ ಮಾತ್ರ ಒಂದಿಷ್ಟೂ ಅಲುಗದೆ ಓಡುತ್ತಿತ್ತು. ಮೇನ್ ಸ್ವಿಚ್ ಎಳೆದವನೂ ನಾನೇ. ಜೀವ ಉಳಿಸಿದೆ ಎಂದು ನಿನ್ನ ಹೆಂಡತಿ ನನಗೆ ಕೈಮುಗಿದಳು.

"ಬಂಗಡೆ ತಿಂದ ಕೈಯಲ್ಲಿ ಪೂಜೆ ಮುಟ್ಟಿದೆ, ಅದ್ಕೇ ಹಿಂಗಾತು," ಎಂದೆ ನೀನು ಆಸ್ಪತ್ರೆಯಲ್ಲಿ. ಅಷ್ಟರಲ್ಲಿ ನಾನು ಪ್ಲಗ್ಗು ಬದಲಿಸಿಯಾಗಿತ್ತು. ಇರಬಹುದು, ಎಂದೆ. ನಿನ್ನ ಬಲಗೈ ಬೆರಳುಗಳಿಗೆ ಸ್ಪರ್ಶ ಮರಳಲಿಲ್ಲ, ನೀನು ಬಾರಿಸುತ್ತಿದ್ದ ಮದ್ದಳೆ ಗೋಡೆಯ ಮೊಳೆ ಸೇರಿತು. ಕಡಲ ಬುಡದಲ್ಲಿ ಹುಟ್ಟಿದ ನೀನು ಮೀನನ್ನೂ ಬಿಟ್ಟೆ.

ಆದರೂ ಪ್ರತಿ ವರ್ಷ ಆಯುಧಪೂಜೆಗೆ ಬಂದು ಎಡಗೈಯಲ್ಲಿ ಸ್ಕೋಪಿಗೆ ಕುಂಕುಮವಿಡುತ್ತೀ. ಈ ಸಲ ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದ, ಸ್ಕೋಪಿನ ತಂತಿಯ ತುದಿಯ ಪ್ರೋಬಿನ ಹತ್ತಿರ ನಿನ್ನ ಬಲಗೈ ಹೋಯಿತು. ಮಲಗಿದ್ದ ಗೆರೆ ಉಬ್ಬಿ ಎದ್ದಿತು.

"ನೋಡಾ, ನನ್ನ ಕೈ ಕಂಡ್ರೆ ಸಾಕು. ಇನ್ನೂ ಸಿಟ್ಟು ಇಳೀಲಿಲ್ಲ ಅಲ್ದಾ?"

ಯಾರ ಕೈ ಹೋದರೂ ಹಾಗೇ, ಮಂಜಣ್ಣ. ಗೋಡೆಯ ವೈರಿನ ಕರೆಂಟಿನ ಅಲೆಯನ್ನು ಮೈ ಹಿಡಿದು ಪ್ರೋಬಿಗೆ ಕೊಡುತ್ತದೆ. ಅಷ್ಟು ಹೇಳಿದ್ದರೂ ಸಾಕಿತ್ತು. ನಾನು — ಹೌದೆಂದು ತಲೆಯಾಡಿಸಿದೆ. ಪಿನ್ನು ಕೊಯ್ದದ್ದಕ್ಕಿಂತ ಇದು ದೊಡ್ಡ ಪಾಪ.

ನೀನು ಕೈಮುಗಿದು ಹಿಂದೆ ಸರಿದು ಹೊರಟುಹೋದೆ. ಗೆರೆ ಇಳಿಯಲಿಲ್ಲ. ನೋಡಿದರೆ, ಪ್ರೋಬಿನ ಪಕ್ಕ ಇದ್ದದ್ದು ನನ್ನ ಕೈ.

ನಾಳೆ ಕರ್ಕಿಗೆ ನಿನ್ನ ಮನೆಗೆ ಬರುತ್ತೇನೆ. ಆ ಹಿತ್ತಾಳೆ ಪಿನ್ನನ್ನು ಎಸೆಯಲಾಗದೆ ಇಟ್ಟುಕೊಂಡಿದ್ದೇನೆ. ಎಲ್ಲವನ್ನೂ ನಿನ್ನ ಹೆಂಡತಿಯ ಎದುರೇ ಹೇಳಿ, ಅದನ್ನು ನಿನ್ನ ಎಡಗೈಯಲ್ಲಿ ಇಡುತ್ತೇನೆ. ಬಲಗೈಯಲ್ಲಿ ಇಟ್ಟರೆ ನಿನಗೆ ತಿಳಿಯುವುದಿಲ್ಲ.