ಒಂದು ಗಂಟೆ ಐದು ನಿಮಿಷದ ದಾರಿಯಲ್ಲಿ ಸತ್ತ ಮರಿಗಳು

ಕೋಳಿಮರಿ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಎಣಿಕೆಯಕ್ಕ ಎಂದೇ ಕರೆಯುತ್ತಿದ್ದರು. ಅಂದೇ ಮೊಟ್ಟೆಯೊಡೆದು ಬಂದ ಮರಿಗಳನ್ನು ಎರಡೂ ಕೈಯಲ್ಲಿ ಐದೈದರಂತೆ ಎತ್ತಿ, ರಟ್ಟಿನ ಪೆಟ್ಟಿಗೆಗೆ ನೂರರಂತೆ ತುಂಬುವುದು ಹದಿನೆಂಟು ವರ್ಷಗಳಿಂದ ಅವಳ ಕೆಲಸ. ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಯಾರ ಮಾತನ್ನೂ ಮಾತ್ರ ಸುಲಭಕ್ಕೆ ನಂಬುವವಳಲ್ಲ. ತರಕಾರಿಯವನು ತೂಗುವಾಗ ತಕ್ಕಡಿ ಬಿಟ್ಟು ಅವನ ಹೆಬ್ಬೆರಳನ್ನೇ ನೋಡುವ ಹೆಂಗಸು. "ನನ್ನ ನೆರಳಿನ ಮೇಲೂ ಇವಳದೊಂದು ಕಣ್ಣು," ಎಂದು ಗಂಡ ನಗುತ್ತಿದ್ದ.

ಮರಿಗಳು ವಿಮಾನದಲ್ಲಿ ದೂರದೂರಿನ ಕೋಳಿ ಸಾಕುವವನೊಬ್ಬನಿಗೆ ಹೋಗುತ್ತಿದ್ದವು. ಎರಡು ನಿಲ್ದಾಣಗಳ ನಡುವೆ ಆರುನೂರ ಹನ್ನೆರಡು ಕಿಲೋಮೀಟರ್, ಹಾರಾಟ ಒಂದು ಗಂಟೆ ಐದು ನಿಮಿಷ. ಎರಡು ತಿಂಗಳಿಂದ ಪ್ರತಿ ಪೆಟ್ಟಿಗೆಯಲ್ಲೂ ಹತ್ತು ಹನ್ನೆರಡು ಮರಿ ಸತ್ತೇ ಬರುತ್ತಿವೆ ಎಂದು ಅವನು ಫೋನ್ ಮಾಡತೊಡಗಿದ. ಫೋಟೊ ಕಳಿಸಿದ. ಹೋದ ವಾರದ ಫೋಟೊವನ್ನೇ ಮತ್ತೆ ಕಳಿಸಿದನೋ ಏನೋ, ಸತ್ತ ಮರಿಗಳೆಲ್ಲ ಒಂದೇ ಥರ ಕಾಣುತ್ತವೆ.

"ನಿಮ್ಮ ತಪ್ಪೇನಿಲ್ಲ ಅಕ್ಕಾ, ಮರಿಗಳ ಹಣೆಬರಹ," ಎನ್ನುತ್ತಿದ್ದ. ಆ ಬೆಣ್ಣೆ ಮಾತಿಗೇ ಅವಳ ಅನುಮಾನ ಹೆಚ್ಚಾಯಿತು.

ರವಾನೆ ಚೀಟಿ ತೆಗೆದು ನೋಡಿದಳು. ಹೊರಟದ್ದು ಒಂಬತ್ತು ಇಪ್ಪತ್ತಕ್ಕೆ, ಮುಟ್ಟಿದ್ದು ಹನ್ನೊಂದು ಹತ್ತಕ್ಕೆ. ಚೀಟಿ ಹಿಡಿದು ಕೇಂದ್ರದ ಯಜಮಾನರ ಬಳಿ ಹೋದಳು.

"ಯಜಮಾನ್ರೇ, ಮಿಕ್ಕ ಮುಕ್ಕಾಲು ಗಂಟೆ ಎಲ್ಲಿ ಹೋಯ್ತು? ನಡುವೆ ಯಾರೋ ಪೆಟ್ಟಿಗೆ ಬಿಚ್ತಿದ್ದಾರೆ."

"ಹಾಗಿದ್ರೆ ಒಂದ್ಸಲ ನೀನೇ ಜೊತೆಗೆ ಹೋಗಿ ಬಾ," ಎಂದರು ಯಜಮಾನರು.

ಅದು ಅವಳ ಮೊದಲ ವಿಮಾನ ಪ್ರಯಾಣ. ಕಣ್ಣು ಕಿಟಕಿಯ ಮೇಲಿರಲಿಲ್ಲ, ಗಡಿಯಾರದ ಮೇಲಿತ್ತು. ಒಂಬತ್ತು ಇಪ್ಪತ್ತಕ್ಕೆ ಬಾಗಿಲು ಮುಚ್ಚಿತು. ವಿಮಾನ ಮಾತ್ರ ಬಿಸಿಲಲ್ಲಿ ಸಾಲಿನಲ್ಲಿ ನಿಂತೇ ಇತ್ತು. ನೆಲ ಬಿಟ್ಟದ್ದು ಒಂಬತ್ತು ಐವತ್ತಕ್ಕೆ. ಮೇಲೆ ಕಳೆದದ್ದು ಸರಿಯಾಗಿ ಒಂದು ಗಂಟೆ ಐದು ನಿಮಿಷ. ಇಳಿದ ಮೇಲೂ ಹಾಗೇ ತೆವಳಿ ನಿಲ್ಲುವಷ್ಟರಲ್ಲಿ ಹನ್ನೊಂದು ಹತ್ತು. ಮುಕ್ಕಾಲು ಗಂಟೆಯ ಲೆಕ್ಕ ಸಿಕ್ಕಿತು, ಕಳ್ಳ ಸಿಗಲಿಲ್ಲ.

ಸರಕಿನ ಕೊಠಡಿಯಲ್ಲಿ ಕೋಳಿ ಸಾಕುವವನು ಕಾದಿದ್ದ. ಸಣಕಲ ಮನುಷ್ಯ, ಬೆವರಿ ತೊಪ್ಪೆಯಾಗಿದ್ದ.

"ನನ್ನೆದುರಿಗೇ ಬಿಚ್ಚಿ," ಎಂದಳು.

ಕಟ್ಟಿದ್ದ ದಾರ ಅವಳದೇ, ಗಂಟೂ ಅವಳದೇ. ಯಾರೂ ಮುಟ್ಟಿರಲಿಲ್ಲ. ಮೇಲೆ ಸುತ್ತಿದ್ದ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ಸರಿಸಿದರೆ ಒಳಮೈಯೆಲ್ಲ ನೀರು, ಮುಖಕ್ಕೆ ರಾಚಿದ ಬಿಸಿ ಹಬೆ. ಪೆಟ್ಟಿಗೆಯ ಬದಿಯ ಗಾಳಿಗಂಡಿಗಳನ್ನೆಲ್ಲ ಆ ಹಾಳೆಯೇ ಮುಚ್ಚಿತ್ತು. ಒಳಗೆ ಹನ್ನೊಂದು ಮರಿ ಸತ್ತಿದ್ದವು, ಉಳಿದವು ಕೊಕ್ಕು ತೆರೆದು ಏದುತ್ತಿದ್ದವು.

"ಈ ಹಾಳೆ ಯಾರು ಸುತ್ತೋದು?" ಎಂದ ಅವನು.

ಎರಡು ತಿಂಗಳ ಹಿಂದೆ ಮಳೆಗೆ ಪೆಟ್ಟಿಗೆಯೊಂದು ನೆನೆದಿತ್ತು. ಅಂದಿನಿಂದ, ಯಾರೂ ಹೇಳದಿದ್ದರೂ, ಅವಳೇ ಬಿಗಿಯಾಗಿ ಸುತ್ತುತ್ತಿದ್ದಳು.

"ನಾನೇ," ಎಂದಳು. "ನೀವು ಮೋಸ ಮಾಡ್ತಿದ್ದೀರಿ ಅಂದ್ಕೊಂಡಿದ್ದೆ."

"ನಿಜ ಹೇಳ್ಲಾ? ನೂರು ತುಂಬಿಸೋಕೆ ನೀವು ಸತ್ತವನ್ನೂ ಸೇರಿಸ್ತೀರಿ ಅಂತ ನಾನೂ ಅಂದ್ಕೊಂಡಿದ್ದೆ."

ಅವಳಿಗೆ ಸರ್ರನೆ ಸಿಟ್ಟು ಬಂತು. ಕೈಯಲ್ಲಿದ್ದ ಒದ್ದೆ ಹಾಳೆ ನೋಡಿ ಸಿಟ್ಟು ನುಂಗಿಕೊಂಡಳು. ಇಬ್ಬರೂ ಸೇರಿ ಉಳಿದ ಪೆಟ್ಟಿಗೆಗಳ ಹಾಳೆ ಹರಿದರು.

ಊರಿಗೆ ಬಂದು ಯಜಮಾನರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುಂದಿನ ವಾರ ಹಾಳೆಯಿಲ್ಲದೆ ಹೋದ ಆರು ಪೆಟ್ಟಿಗೆಗಳಲ್ಲಿ ಸತ್ತದ್ದು ಎರಡೇ ಮರಿ. ಆ ಎರಡೂ ಯಾಕೆ ಸತ್ತವು ಎಂದು ಅವಳು ದಿನವಿಡೀ ತಲೆ ಕೆಡಿಸಿಕೊಂಡಳು.