ಬ್ಯಾಚಲರನಿಗೆ ಶಿರಸಿಯಲ್ಲಿ ಮನೆ

ಕನ್ನಡ ನಾಡು ಒಂದಾಯಿತೆಂದು ಹಿಗ್ಗಿ ಬಂದವನಿಗೆ ಶಿರಸಿಯಲ್ಲಿ ಮೊದಲು ಅರ್ಥವಾದದ್ದು ಒಂದು ಇಂಗ್ಲಿಷ್ ಪದ. "ಬ್ಯಾಚಲರ್ರಾ?" ಎಂದು ಕೇಳಿದರು, ಬಾಡಿಗೆ ಮನೆಯ ಯಜಮಾನರು. ಉಳಿದದ್ದೆಲ್ಲ ಕನ್ನಡವೇ, ಆದರೆ ಒಂದೂ ನನ್ನ ತಲೆಗೆ ಹತ್ತಲಿಲ್ಲ. ಹೌದು ಎಂದೆ. ಆ ಮನೆ ಸಿಗಲಿಲ್ಲ.

ಮೈಸೂರಿನಿಂದ ಇಲ್ಲಿನ ತಾಲ್ಲೂಕು ಕಚೇರಿಗೆ ಗುಮಾಸ್ತನಾಗಿ ಬಂದಿದ್ದೆ. ನಮ್ಮ ಅಮಲ್ದಾರರು ಇಲ್ಲಿ ಮಾಮಲೇದಾರರು. ಕಚೇರಿ ಕೆಲಸದ ತಿರುಗಾಟಕ್ಕೆ ನಾವು ಸರ್ಕೀಟು ಎನ್ನುವುದು ಇಲ್ಲಿ ಫಿರತಿ. ಸಿದ್ದಾಪುರ, ಯಲ್ಲಾಪುರಗಳಿಗೆ ಬಸ್ಸಿನಲ್ಲಿ ಫಿರತಿ ಹೋಗಿ ಮೈಯೆಲ್ಲ ಕೆಂಧೂಳು ಮಾಡಿಕೊಂಡು ಬಂದರೆ, ಮಲಗಲು ಇದ್ದದ್ದು ಊಟದ ಖಾನಾವಳಿಯ ಅಟ್ಟ. ಅದನ್ನೂ ಬೇಗ ಬಿಡಬೇಕಿತ್ತು. ಕೇಳಿದ ಮನೆಗಳೆಲ್ಲ ಕೈತಪ್ಪಿದವು. ಇನ್ನೊಂದು ತಿಂಗಳಲ್ಲಿ ಮನೆ ಸಿಗದಿದ್ದರೆ ಕೆಲಸ ಬಿಟ್ಟು ಬರುತ್ತೇನೆಂದು ಅಮ್ಮನಿಗೆ ಬರೆದೇಬಿಟ್ಟೆ. ಬರೆಯುವಾಗ ಅಳು ಬಂತು.

ಖಾನಾವಳಿಗೆ ಊಟಕ್ಕೆ ಬರುತ್ತಿದ್ದ ನಿವೃತ್ತ ಇಂಗ್ಲಿಷ್ ಮಾಸ್ತರರೆದುರು ಆ ಹಾಳು ಪದವನ್ನು ಬೈದೆ. ಅವರಿಗೆ ಖುಷಿಯೋ ಖುಷಿ. ಅದು ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದಂತೆ. ಸ್ವಂತ ಬಾವುಟವಿಲ್ಲದೆ ದೊಡ್ಡ ಸರದಾರನ ಬಾವುಟದಡಿ ದುಡಿಯುವ ಎಳೆಯ ಸವಾರನಿಗೆ ಹಾಗೆನ್ನುತ್ತಿದ್ದರಂತೆ. ಮದುವೆಯಾಗದವನೆಂಬ ಅರ್ಥ ಬಂದದ್ದು ಆಮೇಲೆ.

"ಪದದ ಮೇಲೆ ಎಂತಕ್ಕೆ ಸಿಟ್ಟು ಮಾರಾಯ್ರೆ? ಹೋದಲ್ಲಿ ಕವಳ ಹಾಕಿದ್ರಾ?" ಎಂದು ಕೇಳಿದರು.

ಕವಳವೆಂದರೆ ಎಲೆ ಅಡಿಕೆ. ಇಲ್ಲಿ ಬಂದವರಿಗೆ ಮೊದಲು ಆಸರಿಗೆ, ಎಂದರೆ ಬಾಯಾರಿಕೆಗೆ ಏನಾದರೂ ಕೊಡುತ್ತಾರೆ. ಆಮೇಲೆ ಕವಳದ ತಟ್ಟೆ ಮುಂದಿಡುತ್ತಾರೆ. ನಮ್ಮ ಕಡೆ ಮೂರು ಸಲ ಬೇಡವೆಂದು ನಾಲ್ಕನೆಯ ಸಲ ತೆಗೆದುಕೊಳ್ಳುವುದೇ ಮರ್ಯಾದೆ. ನಾನು ಎಲ್ಲ ಮನೆಯಲ್ಲೂ ಎರಡನ್ನೂ ಬೇಡವೆಂದಿದ್ದೆ; ಯಾರೂ ಎರಡನೆಯ ಸಲ ಕೇಳಿರಲಿಲ್ಲ.

"ಕವಳ ಬ್ಯಾಡ ಅಂದವ ಕೂರಲಿಕ್ಕೆ ಬಂದವ ಅಲ್ಲ ಹೇಳಿ ಲೆಕ್ಕ. ಕೂರದವಂಗೆ ಮನೆ ಎಂತಕ್ಕೆ?" ಎಂದರು ಮಾಸ್ತರರು.

ಮರುದಿನ ಗಂಗಕ್ಕ ಎಂಬವರ ಮನೆಯ ಹಿಂದಿನ ಕೋಣೆ ಕೇಳಲು ಹೋದೆ. ಬೆಲ್ಲ ತಿಂದು ನೀರು ಕುಡಿದೆ. ತಟ್ಟೆ ಬಂತು. ಈ ಸಲ ಏನನ್ನೂ ಬೇಡವೆನ್ನಬಾರದೆಂದು ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪಿನ ಎಸಳನ್ನೂ ವಿನಯದಿಂದ ಬಾಯಿಗಿಟ್ಟು ನುಂಗಿದೆ. ಜಗಲಿ ಗಿರ್ರನೆ ತಿರುಗಿತು. ಮನೆ ಕೇಳಲು ಬಂದವನು ಕಂಬ ತಬ್ಬಿ ಕೂತೆ.

"ಅಯ್ಯೋ ತಮಾ, ಕವಳ ಹಾಕಲೂ ಬತ್ತಿಲ್ಯಾ ನಿಂಗೆ!" ಗಂಗಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು ಮಜ್ಜಿಗೆ ತಂದರು. "ಇದನ್ನ ಕುಡದು ಅಲ್ಲೇ ಮನಿಕ್ಯ."

ಮನಿಕ್ಯ ಎಂದರೆ ಮಲಗು. ಮಲಗಿದೆ. ಎದ್ದಾಗ ಅವರ ಯಜಮಾನರು ಕೋಣೆಯ ಬೀಗ ತೆಗೆಯುತ್ತಿದ್ದರು. ಮದುವೆ ಆಗಿದೆಯೇ ಎಂದು ಯಾರೂ ಕೇಳಲಿಲ್ಲ.

ಆಮೇಲೆ ನಾನು ಆ ಕೇರಿಗೆಲ್ಲ "ನಮ್ಮನೆ ಬ್ಯಾಚಲರ್" ಆದೆ. ಎದುರಿಗೆ ಮಾತ್ರ ತಮಾ, ಎಂದರೆ ತಮ್ಮ. ತೊಟ್ಟಿಲ ಕೂಸಿಗೂ ಮೀಸೆ ಬಂದವನಿಗೂ ಇಲ್ಲಿ ಅದೇ ಕರೆ. ಭಾನುವಾರಗಳಲ್ಲಿ ಮೈಸೂರಿನ ಬೀದಿಗಳು ನೆನಪಾಗಿ ಮಂಕಾಗಿ ಕೂತರೆ ಗಂಗಕ್ಕ ಊಟಕ್ಕೆ ಕೂಗುತ್ತಿದ್ದರು. ಊಟದ ಕೊನೆಗೆ ಮಾವಿನಕಾಯಿಯ ಅಪ್ಪೆಹುಳಿಯನ್ನು ಲೋಟದಲ್ಲಿ ಕುಡಿಯುವುದು ಅವರಲ್ಲೇ ಕಲಿತೆ. ಅವರನ್ನು ನಾನು ಬಹಳ ಪ್ರೀತಿಸುತ್ತೇನೆ; ಹೇಳಿದರೆ ನಕ್ಕಾರೆಂದು ಹೇಳಿಲ್ಲ.

ಈ ದೀಪಾವಳಿಗೆ ಮೈಸೂರಿಗೆ ಹೋಗಿದ್ದೆ. ನನ್ನನ್ನು ನೋಡಲು ಹೆಣ್ಣಿನ ತಂದೆ ಮನೆಗೇ ಬಂದರು. ಅಮ್ಮ, ಅಣ್ಣ, ನಾನು ಚಾಪೆಯ ಮೇಲೆ ಕೂತಿದ್ದೆವು. "ತಮ್ಮ ಮೂಲ ಮನೆ ಎಲ್ಲಿ ಬಂತು?" ಎಂದು ಅವರು ಸುಮ್ಮನೆ ಉಪಚಾರಕ್ಕೆ ಕೇಳಿದರು.

"ಶಿರಸಿ," ಎಂದುಬಿಟ್ಟೆ.

ಅವರು ಹೊರಟ ಮೇಲೆ ಅಮ್ಮ ಚಾಪೆ ಸುತ್ತುತ್ತ ಕೇಳಿದಳು, "ಹಾಗಾದ್ರೆ ಇದು ಯಾರ ಮನೆಯೋ?"

ಸಿಟ್ಟಿನಲ್ಲಿ ಕೇಳಿದ್ದರೆ ಏನಾದರೂ ಹೇಳಬಹುದಿತ್ತು. ಅವಳು ನಗುತ್ತ ಕೇಳಿದಳು.