ಎರಡಕ್ಕೆ ಎರಡು ಕೂಡಿಸಿದ ಟೀಚರ್

ಗಣಿತದ ಟೀಚರ ಬಲಗೈ ತೋರುಬೆರಳಿನ ತುದಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ಸುಟ್ಟ ಕಲೆಯಿತ್ತು. ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣವನ್ನು ಉಳಿದ ಬೆರಳುಗಳಲ್ಲಿ ಹಿಡಿದು ಆ ಬೆರಳನ್ನು ತುಸು ಮೇಲಕ್ಕೆತ್ತಿಕೊಂಡಿರುತ್ತಿದ್ದರು. ಪಕ್ಕದಲ್ಲಿ ಹಾದುಹೋದರೆ ಅವರಿಂದ ಎರಡು ವಾಸನೆ ಬರುತ್ತಿತ್ತು. ಒಂದು ಮಲ್ಲಿಗೆಯದು, ಇನ್ನೊಂದು ಬೆಸುಗೆ ಹಾಕುವಾಗ ಕರಗಿಸುವ ರಾಳದ್ದು. ಮಲ್ಲಿಗೆಯ ವಾಸನೆ ಖಂಡಿತ ಇತ್ತು. ಶಿರ್ವದ ಅವರ ಮನೆಯಂಗಳದಲ್ಲಿ ಮಲ್ಲಿಗೆ ಗಿಡಗಳಿದ್ದವು, ಬೆಳಿಗ್ಗೆ ತಾಯಿಯ ಜತೆ ಕೂತು ಬಾಳೆನಾರಿನಲ್ಲಿ ಹೂ ಕಟ್ಟಿಯೇ ಅವರು ಶಾಲೆಗೆ ಬರುತ್ತಿದ್ದರು. ರಾಳದ ವಾಸನೆಯನ್ನು ನಾನು ಆಮೇಲೆ ಸೇರಿಸಿಕೊಂಡಿರಲೂ ಬಹುದು. ಕಲೆ ಮಾತ್ರ ನಿಜ.

ಅರುವತ್ತರ ದಶಕದ ನಡುವಿನ ಮಾತು. ನಾನು ಬಿ.ಎಸ್ಸಿ. ಮುಗಿಸಿ, ಕಾಪುವಿಗೂ ಶಿರ್ವಕ್ಕೂ ನಡುವೆ ಇದ್ದ ಒಂದು ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಸೇರಿದ್ದೆ. ಕಣ್ಣಾರೆ ಕಾಣದೆ ಯಾವುದನ್ನೂ ನಂಬಬಾರದೆಂಬುದು ವಿಶ್ವವಿದ್ಯಾಲಯದಿಂದ ನಾನು ಹೊತ್ತು ತಂದ ಒಂದೇ ಆಸ್ತಿ. ಅದೇ ವರ್ಷ ಟೀಚರ್ ಮುಂಬಯಿಯ ಕೆಲಸ ಬಿಟ್ಟು ತಾಯಿಯ ಜತೆಗಿರಲು ಊರಿಗೆ ಬಂದರು. ಹೆಡ್‌ಮಾಸ್ತರು ಅವರಿಗೆ ಗಣಿತವನ್ನೂ ಅದರ ಜತೆಗೆ ಹುಡುಗಿಯರ ಹೊಲಿಗೆ ತರಗತಿಯನ್ನೂ ಕೊಟ್ಟರು. ಟೀಚರ್ ಎಂದರೆ ಹೆಂಗಸು, ಹೆಂಗಸಿಗೆ ಹೊಲಿಗೆ ಬಂದೇ ಬರುತ್ತದೆ ಎಂಬುದು ಆಗಿನ ಲೆಕ್ಕ.

ಮೊದಲ ವಾರದಲ್ಲೇ ಸ್ಟಾಫ್ ರೂಮಿನಲ್ಲಿ ಮಾತು ಬಂತು.

"ಮುಂಬಯಿಯಲ್ಲಿ ನಾನು ಕಂಪ್ಯೂಟರಿನ ಕೋಣೆಯಲ್ಲಿ ಕೆಲಸಕ್ಕಿದ್ದೆ ಮಾಸ್ಟ್ರೇ," ಎಂದರು ಟೀಚರ್.

ಆ ಶಬ್ದವನ್ನು ನಾನು ಪತ್ರಿಕೆಯಲ್ಲಿ ಓದಿದ್ದೆನೇ ಹೊರತು ಅದನ್ನು ಮುಟ್ಟಿದವರನ್ನು ಕಂಡಿರಲಿಲ್ಲ. "ಎಷ್ಟು ದೊಡ್ಡದುಂಟು ಟೀಚರ್ ಅದು?"

"ಈ ರೂಮು ಸಾಲದು."

"ಎಂತ ಮಾಡ್ತದೆ?"

"ಕೂಡಿಸ್ತದೆ."

ಹೆಡ್‌ಮಾಸ್ತರು ಪತ್ರಿಕೆಯಿಂದ ತಲೆ ಎತ್ತಿದರು. "ಕೂಡಿಸಲಿಕ್ಕೆ ಒಂದು ಮನೆಯಷ್ಟು ಮಿಷಿನು! ನಮ್ಮ ಉಡುಪಿ ಹೋಟೆಲಿನ ಮಾಣಿ ಬಾಯಲ್ಲೇ ಹೇಳ್ತಾನಲ್ಲ ಮಾರಾಯ್ರೆ."

"ಮಾಣಿಗೆ ಸುಸ್ತಾಗ್ತದೆ ಸಾರ್. ಇದಕ್ಕೆ ಆಗುವುದಿಲ್ಲ."

ನನಗೆ ನಗು ಬಂದರೂ ಬಿಡಲಿಲ್ಲ. ಅದರೊಳಗೆ ಏನೇನಿದೆ ಎಂದು ಕೇಳಿದೆ. ಟೀಚರ್ ಮೇಜಿನ ಮೇಲಿದ್ದ ಚಾ ಲೋಟಗಳನ್ನು ಸಾಲಾಗಿ ಇಟ್ಟರು. ಸಂಖ್ಯೆಗಳನ್ನು ಒಳಗೆ ತೆಗೆದುಕೊಳ್ಳಲು ಒಂದು ಭಾಗ. ಮುಂಬಯಿಯದರಲ್ಲಿ ಅದಕ್ಕೆ ತೂತು ಹೊಡೆದ ಕಾಗದದ ಪಟ್ಟಿಯಿತ್ತು. ತೆಗೆದುಕೊಂಡದ್ದನ್ನು ಇಟ್ಟುಕೊಳ್ಳಲು ಇನ್ನೊಂದು, ಅದೇ ನೆನಪು. ಲೆಕ್ಕ ಮಾಡಲು ಮೂರನೆಯದು. ಉತ್ತರವನ್ನು ಹೊರಗೆ ಹೇಳಲು ಮತ್ತೊಂದು. ಕೊನೆಯ ಲೋಟವನ್ನು ಅವರು ಸ್ವಲ್ಪ ದೂರ ಇಟ್ಟರು.

"ಇದು ಉಳಿದವರಿಗೆಲ್ಲ 'ಈಗ ನಿನ್ನ ಸರದಿ, ಈಗ ನಿನ್ನ ಸರದಿ' ಅಂತ ಹೇಳ್ತಾ ಇರ್ತದೆ."

"ಅಂದರೆ ನಾನು," ಎಂದರು ಹೆಡ್‌ಮಾಸ್ತರು.

"ಹೌದು ಸಾರ್. ಅದಕ್ಕೆ ಸ್ವತಃ ಲೆಕ್ಕ ಬರಬೇಕೂಂತ ಇಲ್ಲ."

ಹೆಡ್‌ಮಾಸ್ತರು ಎಲ್ಲರಿಗಿಂತ ಜೋರಾಗಿ ನಕ್ಕರು. ಆದರೆ ಅದನ್ನು ಮರೆಯಲಿಲ್ಲ ಎಂದು ಕಾಣುತ್ತದೆ.

ಟೀಚರಿಗೊಂದು ಅಭ್ಯಾಸವಿತ್ತು. ಹುಡುಗಿಯೊಬ್ಬಳು ಸರಿಯುತ್ತರ ಹೇಳಿದರೆ ಶಾಬಾಸ್ ಎನ್ನುತ್ತಿರಲಿಲ್ಲ. "ಹೌದಾ? ಎಲ್ಲಿ ತಪ್ಪಬಹುದಿತ್ತು, ಅದನ್ನು ಹೇಳು," ಎನ್ನುತ್ತಿದ್ದರು. ತಪ್ಪು ಹೇಳಿದವಳನ್ನು ಮಾತ್ರ ಬಹಳ ಅಕ್ಕರೆಯಿಂದ ಹತ್ತಿರ ಕರೆದು ಕೂರಿಸಿಕೊಳ್ಳುತ್ತಿದ್ದರು, ಏನೋ ನಿಧಿ ಸಿಕ್ಕಿದವರ ಹಾಗೆ.

ಅವರ ಮನೆಗೆ ನಾನು ಹೋದದ್ದು ಅಪನಂಬಿಕೆಯಿಂದಲೇ. ಹಿಂದಿನ ಕೋಣೆಯಲ್ಲಿ ಮುಂಬಯಿಯ ಚೋರ್ ಬಜಾರಿನಿಂದ ತಂದ ರಿಲೇಗಳಿದ್ದವು. ರಿಲೇ ಎಂದರೆ ತಾಮ್ರದ ತಂತಿ ಸುತ್ತಿದ ಒಂದು ಸುರುಳಿ, ಅದರೆದುರು ಒಂದು ಕಬ್ಬಿಣದ ನಾಲಿಗೆ. ಸುರುಳಿಯಲ್ಲಿ ಕರೆಂಟು ಹರಿದರೆ ಅದು ನಾಲಿಗೆಯನ್ನು ಟಕ್ಕೆಂದು ಎಳೆದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಇವುಗಳನ್ನು ಹಲಗೆಯ ಮೇಲೆ ಜೋಡಿಸಿ ಟೀಚರ್ ಒಂದು ಪುಟ್ಟ ಕೂಡಿಸುವ ಯಂತ್ರ ಮಾಡುತ್ತಿದ್ದರು. ಒಳಗೆ ಸಂಖ್ಯೆ ಕೊಡಲು ಸ್ವಿಚ್ಚುಗಳು, ಉತ್ತರ ಹೇಳಲು ಒಂದು, ಎರಡು, ನಾಲ್ಕು, ಎಂಟು ಎಂದು ಬೆಲೆಯಿಟ್ಟ ಟಾರ್ಚಿನ ಬಲ್ಬುಗಳು. ಪರಿಚಯದ ಬಸ್ಸಿನ ಮಾಲೀಕರೊಬ್ಬರು ಹಳೆಯ ಬ್ಯಾಟರಿ ಕೊಟ್ಟಿದ್ದರು.

"ಇದರಲ್ಲಿ ನೆನಪು ಎಲ್ಲುಂಟು?" ಎಂದು ಕೇಳಿದೆ.

ಅವರು ಒಂದು ಸ್ವಿಚ್ಚು ಒತ್ತಿದರು. ರಿಲೇ ಟಕ್ಕೆಂದಿತು. ಬೆರಳು ತೆಗೆದರು. ಅದು ಬಿಡಲಿಲ್ಲ, ತಾನು ಎಳೆದುಕೊಂಡ ನಾಲಿಗೆಯ ಮೂಲಕವೇ ತನಗೆ ಬೇಕಾದ ಕರೆಂಟನ್ನು ತಾನೇ ಪಡೆದುಕೊಂಡು ಹಿಡಿದು ನಿಂತಿತ್ತು.

"ಬೆರಳು ಹೋದ ಮೇಲೂ ಹಿಡಿದುಕೊಂಡಿರುವುದು. ನೆನಪು ಅಂದರೆ ಅಷ್ಟೆ ಮಾಸ್ಟ್ರೇ."

ಮುಂಬಯಿಯ ಯಂತ್ರದ ನೆನಪು ಬೇರೆ ಬಗೆಯದು ಎಂದೂ ಹೇಳಿದರು. ಸಾಸಿವೆಗಿಂತ ತುಸು ದೊಡ್ಡ ಕಪ್ಪು ಕಾಂತದ ಉಂಗುರಗಳು, ಅವುಗಳ ನಡುವೆ ಕೂದಲಿನಂಥ ತಂತಿಗಳನ್ನು ಅಡ್ಡಕ್ಕೂ ಉದ್ದಕ್ಕೂ ಕೈಯಿಂದಲೇ ಪೋಣಿಸಿರುತ್ತಾರೆ. ಹೂ ಕಟ್ಟಿ ಪಳಗಿದ ಬೆರಳೆಂದು ಅವರಿಗೆ ಆ ಕೆಲಸ ಕೊಟ್ಟಿದ್ದರಂತೆ. ಕರೆಂಟು ಹೋದರೂ ಉಂಗುರ ಮರೆಯುವುದಿಲ್ಲ. ಆದರೆ ಅದರಲ್ಲಿ ಏನಿದೆ ಎಂದು ಒಮ್ಮೆ ಓದಿದರೆ, ಓದಿದ್ದರಿಂದಲೇ ಅದು ಅಳಿಸಿಹೋಗುತ್ತದೆ. ಆದ್ದರಿಂದ ಓದಿದ ಕೂಡಲೇ ಯಂತ್ರ ಅದನ್ನು ಹೊಸದಾಗಿ ಬರೆದಿಡಬೇಕು. ಇದನ್ನು ಕೇಳಿ ಅಂದು ನಾನು ನಂಬಲಿಲ್ಲ. ಈಗ ಇದನ್ನು ಬರೆಯುತ್ತಿರುವಾಗ ನಂಬದೆ ಇರಲು ಆಗುವುದಿಲ್ಲ. ಟೀಚರನ್ನು ಎಷ್ಟು ಸಲ ನೆನೆದಿದ್ದೇನೋ ಅಷ್ಟು ಸಲ ಅವರನ್ನು ಹೊಸದಾಗಿ ಬರೆದಿದ್ದೇನೆ. ಮೊದಲ ಪ್ರತಿಯಲ್ಲಿ ಏನಿತ್ತೋ ಯಾರಿಗೆ ಗೊತ್ತು?

ಟೀಚರಿಗೆ ಬೇಕಾಗಿದ್ದುದು ಎರಡೇ: ಶಾಲೆಯ ಉಗ್ರಾಣದ ಕೋಣೆ, ಮತ್ತು ಶನಿವಾರ ಒಂದು ಪೀರಿಯಡ್. ಹುಡುಗಿಯರಿಗೆ ಈ ಯಂತ್ರದ ಅಂಗಗಳನ್ನು ಕೈಯಾರೆ ಜೋಡಿಸಿ ಕಲಿಸಬೇಕೆಂಬುದು ಅವರ ಆಸೆ. ಹೆಡ್‌ಮಾಸ್ತರು ಒಂದು ಶರತ್ತು ಹಾಕಿದರು. ಜನವರಿಯಲ್ಲಿ ಕಾರ್ಕಳದಲ್ಲಿ ವಿಜ್ಞಾನ ಪ್ರದರ್ಶನ ಇತ್ತು.

"ಅಲ್ಲಿ ಪರೀಕ್ಷಕರ ಎದುರು ನಿಮ್ಮ ಮಿಷಿನು ಒಂದು ಲೆಕ್ಕ ಸರಿಯಾಗಿ ಮಾಡಲಿ ಟೀಚರ್. ಮರುದಿನವೇ ಉಗ್ರಾಣದ ಬೀಗದಕೈ ನಿಮ್ಮ ಕೈಯಲ್ಲಿ. ಮಾಡದಿದ್ದರೆ ಹೊಲಿಗೆ ಉಂಟಲ್ಲ, ಅದನ್ನೇ ಚೆಂದ ಮಾಡುವ."

ನಾವು ದಿನಾ ಶಾಲೆ ಬಿಟ್ಟ ಮೇಲೆ ಯಂತ್ರವನ್ನು ಪರೀಕ್ಷಿಸುತ್ತಿದ್ದೆವು. ಎಷ್ಟಕ್ಕೆ ಎಷ್ಟು ಕೂಡಿಸಿದರೂ ತಪ್ಪುತ್ತಿರಲಿಲ್ಲ. ನನ್ನ ಅಪನಂಬಿಕೆ ಕರಗಿ, ಪ್ರದರ್ಶನದ ಹಿಂದಿನ ಸಂಜೆ ನಾನೇ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬೆಳ್ಮಣ್ ಮಾರ್ಗವಾಗಿ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋದೆ. ಕಂಡಕ್ಟರ್ ಇಣುಕಿ ನೋಡಿ, "ಎಂತ ಮಾಸ್ಟ್ರೇ, ರೇಡಿಯೋದ ಕರುಳಾ?" ಎಂದ. ಯಂತ್ರ ಅಲ್ಲಿಯ ಶಾಲೆಯ ಕಲ್ಲುಹಾಸಿನ ಹಾಲಿನಲ್ಲಿ ಆ ರಾತ್ರಿ ಉಳಿಯಿತು.

ಬೆಳಿಗ್ಗೆ ಶಾಲು ಹೊದ್ದ ಇಬ್ಬರು ಪರೀಕ್ಷಕರು ಮೊದಲು ನಮ್ಮ ಮೇಜಿಗೇ ಬಂದರು. ಹೆಡ್‌ಮಾಸ್ತರು ಪಕ್ಕದಲ್ಲಿದ್ದರು. ಟೀಚರ್ ಎರಡು ಎಂದು ಸ್ವಿಚ್ಚು ಒತ್ತಿದರು, ಮತ್ತೆ ಎರಡು ಎಂದು ಒತ್ತಿದರು. ಒಂದು ಬಲ್ಬೂ ಹೊತ್ತಲಿಲ್ಲ. ಇನ್ನೊಮ್ಮೆ ಮಾಡಿದರು. ಇಲ್ಲ.

"ಎರಡಕ್ಕೆ ಎರಡು ಕೂಡಿಸಿದರೆ ಸೊನ್ನೆ," ಎಂದರು ಒಬ್ಬ ಪರೀಕ್ಷಕರು ಬಹಳ ಸೌಮ್ಯವಾಗಿ. ಅವರು ಪಕ್ಕದ ಮೇಜಿನ ಹಾವಿನ ಬಾಟಲಿಗಳ ಕಡೆ ಹೋದರು. ಹೆಡ್‌ಮಾಸ್ತರು ಅವರ ಹಿಂದೆ ನಡೆದರು.

ಟೀಚರ್ ಯಂತ್ರವನ್ನು ಹತ್ತಿರ ಎಳೆದುಕೊಂಡರು. ಸ್ಟೂಲಿನ ಮೇಲೆ ಕುಳಿತು ಒಂದೊಂದೇ ರಿಲೇಯನ್ನು ನೋಡತೊಡಗಿದರು. ಎಲ್ಲವೂ ಸರಿಯಾಗಿದ್ದವು, ಒಂದನ್ನು ಬಿಟ್ಟು. ನಾವು ಕೂಡಿಸುವಾಗ ಕೈಯಲ್ಲಿ ಉಳಿದದ್ದನ್ನು ಎಡಗಡೆಯ ಮನೆಗೆ ದಾಟಿಸುತ್ತೇವಲ್ಲ, ಆ ಕೆಲಸದ ರಿಲೇಯ ನಾಲಿಗೆ ಅಲುಗುತ್ತಿರಲಿಲ್ಲ. ಈ ಯಂತ್ರದಲ್ಲಿ ಎರಡು ಎರಡು ಸೇರಿದರೆ ಎರಡರ ಮನೆ ಖಾಲಿಯಾಗಿ ನಾಲ್ಕರ ಮನೆಗೆ ದಾಟಬೇಕಿತ್ತು. ಬ್ಯಾಟರಿ ನೋಡಿದೆವು, ತಂತಿ ನೋಡಿದೆವು. ಕಾರಣ ಸಿಗಲಿಲ್ಲ. ಹಾಗೇ ಕುಳಿತೆವು.

ಬಿಸಿಲು ಏರಿ ಕಿಟಕಿಯಿಂದ ಮೇಜಿನ ಮೇಲೆ ಬಿತ್ತು. ಸುಮ್ಮನೆ ಕೈ ಆಡಿಸುತ್ತ ಟೀಚರ್ ಮತ್ತೊಮ್ಮೆ ಎರಡು, ಎರಡು ಎಂದು ಒತ್ತಿದರು. ಟಕ್. ನಾಲ್ಕರ ಬಲ್ಬು ಹೊತ್ತಿಕೊಂಡಿತು.

ನಾನು ಎದ್ದು ಹೆಡ್‌ಮಾಸ್ತರನ್ನು ಕರೆಯಲು ಹೊರಟೆ. ಟೀಚರ್ ನನ್ನ ಅಂಗಿಯ ತೋಳು ಹಿಡಿದರು.

"ಎಲ್ಲಿಗೆ ಓಡುವುದು? ಯಾಕೆ ಸರಿ ಆಯಿತು, ಅದು ಬೇಡವಾ?"

ರಿಲೇಯನ್ನು ಮುಟ್ಟಿದರು, ಬೆಚ್ಚಗಿತ್ತು. ಬೆರಳನ್ನು ಮೂಸಿದರು. ಅವರ ಹುಬ್ಬು ಮೇಲೇರಿತು. ಬೆರಳನ್ನು ನನ್ನ ಮೂಗಿನ ಬಳಿ ಹಿಡಿದರು: ತೆಂಗಿನೆಣ್ಣೆ.

"ನಮ್ಮ ಮಾಂಯ್!" ಎಂದರು, ಕೊಂಕಣಿಯಲ್ಲಿ ತಾಯಿಯನ್ನು ಕರೆಯುವ ಹಾಗೆ.

ಕಡಲ ಗಾಳಿಯ ಊರಿನಲ್ಲಿ ಕಬ್ಬಿಣಕ್ಕೆ ಎಣ್ಣೆ ಹಚ್ಚದೆ ಯಾರೂ ಇಡುವುದಿಲ್ಲ. ಕತ್ತರಿ, ಬಾಗಿಲಿನ ತಿರುಗಣಿ, ಬಾವಿಯ ರಾಟೆ, ಎಲ್ಲದಕ್ಕೂ ಆ ತಾಯಿ ಕೋಳಿಗರಿಯಲ್ಲಿ ತೆಂಗಿನೆಣ್ಣೆ ಸವರುತ್ತಿದ್ದರು. ಮಗಳ ಯಂತ್ರ ಪರವೂರಿಗೆ ಹೋಗುತ್ತದೆಂದು ಅದಕ್ಕೂ ಸವರಿದ್ದರು. ಶಿರ್ವದ ಸಂಜೆಯ ಸೆಕೆಯಲ್ಲಿ ಎಣ್ಣೆ ನೀರಿನ ಹಾಗಿತ್ತು. ಕಾರ್ಕಳದ ಚಳಿಗೆ, ಕಲ್ಲಿನ ನೆಲದ ಮೇಲೆ, ಬಾಟಲಿಯಲ್ಲಿ ಗಟ್ಟಿಯಾಗುವಂತೆಯೇ, ಹೆಚ್ಚು ಬಿದ್ದಿದ್ದ ಆ ಒಂದು ನಾಲಿಗೆಯ ಬುಡದಲ್ಲೂ ಗಟ್ಟಿಯಾಗಿತ್ತು.

"ಸಿಕ್ಕಿತಲ್ಲ ಟೀಚರ್. ಇನ್ನು ಕರೆಯುವ," ಎಂದೆ.

"ಸಿಕ್ಕಿತು ಅಂತ ಯಾರು ಹೇಳಿದ್ದು? ಇದು ಬರೀ ನಮ್ಮ ಊಹೆ. ಪುನಃ ಕೆಡಬೇಕು."

ಮೂಲೆಯ ಮಣ್ಣಿನ ಹೂಜಿಯಿಂದ ಹಿತ್ತಾಳೆ ತಂಬಿಗೆಗೆ ತಣ್ಣೀರು ತುಂಬಿಸಿ, ಯಂತ್ರವನ್ನು ನೆರಳಿಗೆ ಎಳೆದು, ತಂಬಿಗೆಯನ್ನು ಆ ರಿಲೇಗೆ ಒತ್ತಿ ಇಟ್ಟರು. ಕಾದೆವು. ಅಷ್ಟರಲ್ಲಿ ಹಾಲಿನ ಆ ತುದಿಯಿಂದ ಹೆಡ್‌ಮಾಸ್ತರು ನಮ್ಮ ಕಡೆಗೆ ಬರುವುದು ಕಂಡಿತು. ಕೊನೆಯ ಅವಕಾಶ ಕೊಡುವ ಮನಸ್ಸಾಗಿತ್ತೋ ಏನೋ, ಪರೀಕ್ಷಕರೊಬ್ಬರನ್ನೂ ಕರೆದುಕೊಂಡು ಬರುತ್ತಿದ್ದರು.

"ತಂಬಿಗೆ ತೆಗೀರಿ ಟೀಚರ್! ಬರ್ತಾ ಇದ್ದಾರೆ. ಬಿಸಿಲಿಗೆ ಇಟ್ಟರೆ ಈಗ ಸರಿಯಾಗ್ತದೆ."

"ಈಗ ತೆಗೆದರೆ ಇಷ್ಟು ಹೊತ್ತು ಕಾದದ್ದು ಹಾಳು. ಸುಮ್ಮನಿರಿ ಮಾರಾಯ್ರೆ."

ಹೆಡ್‌ಮಾಸ್ತರು ಬಂದವರೇ ತಾವೇ ಸ್ವಿಚ್ಚು ಒತ್ತಿದರು. ಎರಡು. ಎರಡು. ಬಲ್ಬುಗಳೆಲ್ಲ ಕತ್ತಲು.

"ಕೆಟ್ಟಿತು!" ಟೀಚರ್ ಚಪ್ಪಾಳೆ ತಟ್ಟಿಬಿಟ್ಟರು. "ನೋಡಿದಿರಾ ಮಾಸ್ಟ್ರೇ, ಕೆಟ್ಟಿತು!"

ಹೆಡ್‌ಮಾಸ್ತರು ಅವರನ್ನೂ ನನ್ನನ್ನೂ ತಂಬಿಗೆಯನ್ನೂ ನೋಡಿದರು. ಟೀಚರ್ ಎಣ್ಣೆಯ ವಿಷಯ ಬಿಡಿಸಿ ಹೇಳತೊಡಗಿದರು. ಅರ್ಧ ಕೇಳಿ ಹೆಡ್‌ಮಾಸ್ತರೆಂದರು, "ಆಯಿತು ಟೀಚರ್. ನಮ್ಮದು ಹೊಲಿಗೆಯೇ ಆಗಬಹುದು ಅಲ್ವಾ?"

ಉಗ್ರಾಣ ಸಿಗಲಿಲ್ಲ. ಶನಿವಾರದ ಪೀರಿಯಡ್ಡೂ ಇಲ್ಲ. ಆಮೇಲೆ ನನಗೇ ಸಂಶಯ ಬಂದದ್ದುಂಟು: ಎರಡನೆಯ ಸಲ ಕೆಟ್ಟದ್ದು ತಂಬಿಗೆಯ ತಂಪಿನಿಂದಲೇ ಹೌದೋ, ಬ್ಯಾಟರಿ ಇಳಿದಿತ್ತೋ? ಟೀಚರೊಡನೆ ಹೇಳಿದಾಗ ಅವರು ಕೋಪಿಸಿಕೊಳ್ಳಲಿಲ್ಲ. "ಒಳ್ಳೆ ಸಂಶಯ," ಎಂದು ಮರುವಾರ ಮನೆಯಲ್ಲಿ ಹೊಸ ಬ್ಯಾಟರಿ ಹಾಕಿ ಇನ್ನೊಮ್ಮೆ ಕೆಡಿಸಿ ತೋರಿಸಿದರು.

ಆ ವರ್ಷ ಹೊಲಿಗೆ ತರಗತಿಯ ಕಿಟಕಿಯ ಬಳಿ ಹೋಗುವಾಗ ಒಂದು ದಿನ ನಿಂತು ನೋಡಿದೆ. ಕಸೂತಿಯ ಮರದ ಬಳೆಗಳಲ್ಲಿ ಬಟ್ಟೆ ಇರಲಿಲ್ಲ. ಹೊಲಿಗೆಯ ಪೆಟ್ಟಿಗೆಯೊಳಗೆ ರಿಲೇಗಳೂ ಇದ್ದವು. ಹುಡುಗಿಯರು ಸಣ್ಣ ಕಬ್ಬಿಣದ ಉಂಗುರಗಳ ನಡುವೆ ತಾಮ್ರದ ತಂತಿಯನ್ನು ಅಡ್ಡಕ್ಕೂ ಉದ್ದಕ್ಕೂ ಪೋಣಿಸುತ್ತಿದ್ದರು. "ಅಡ್ಡದ ತಂತಿ ಒಂದು, ಉದ್ದದ್ದು ಒಂದು. ಎರಡೂ ಸೇರುವಲ್ಲಿ ಇರುವ ಉಂಗುರಕ್ಕೆ ಮಾತ್ರ ಕೇಳಿಸ್ತದೆ," ಎಂದು ಟೀಚರ ದನಿ. ಹೆಡ್‌ಮಾಸ್ತರು ಅದೇ ಹಾದಿಯಲ್ಲಿ ಬಂದು ಇಣುಕಿ, "ಒಳ್ಳೆ ನೀಟಾಗಿ ಉಂಟು," ಎಂದು ಮೆಚ್ಚಿಕೊಂಡು ಹೋದರು.

ಆ ದಶಕ ಮುಗಿಯುವ ಮೊದಲೇ ಟೀಚರಿಗೆ ಕಾಮಾಲೆಯಾಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ನೋಡಲು ಹೋದಾಗ ಬಹುದಿನಗಳಿಂದ ಮನಸ್ಸಿನಲ್ಲಿದ್ದುದನ್ನು ಹೇಳಿದೆ. "ಅವತ್ತು ತಂಬಿಗೆ ತೆಗೆದಿದ್ದರೆ ನಿಮಗೆ ಕೋಣೆ ಸಿಗ್ತಿತ್ತು ಟೀಚರ್."

"ಸಿಗ್ತಿತ್ತು. ಮುಂದಿನ ಜನವರಿಯಲ್ಲಿ ಆ ಕೋಣೆಯಲ್ಲೇ ಕೂತು, ಎರಡಕ್ಕೆ ಎರಡು ಸೊನ್ನೆ ಯಾಕಾಯಿತೂಂತ ತಲೆ ಕೆರೆದುಕೊಳ್ತಿದ್ದೆ." ನಗಲು ಅವರಿಗೆ ಶಕ್ತಿ ಇರಲಿಲ್ಲ, ಆದರೂ ನಕ್ಕರು. ಅದೇ ಕೊನೆಯ ಭೇಟಿ.

ಶಿರ್ವದ ಇಗರ್ಜಿಯ ಸಿಮಿತ್ರಿಯಲ್ಲಿ ಟೀಚರ ಸಮಾಧಿಗೆ ಮಣ್ಣು ಹಾಕಿ ಹಿಂದಿರುಗುವಾಗ ಹೆಡ್‌ಮಾಸ್ತರು ನನ್ನ ಜತೆ ಹೆಜ್ಜೆ ಹಾಕಿದರು. ಗೇಟಿನ ಬಳಿ ನಿಂತರು.

"ಮಾಸ್ಟ್ರೇ, ನೀವು ಎಲ್ಲದಕ್ಕೂ ಸಂಶಯ ಪಡುವವರು. ನಿಜ ಹೇಳಿ. ಆ ಮಿಷಿನು ಕೂಡಿಸ್ತಿತ್ತಾ? ನಾನು ನೋಡಿದಾಗೆಲ್ಲ ಕೂಡಿಸಲಿಲ್ಲ."

"ಕೂಡಿಸ್ತಿತ್ತು ಸಾರ್. ನಾನು ನೋಡಿದ್ದೇನೆ. ಯಾಕೆ ಕೂಡಿಸಲಿಲ್ಲ ಅನ್ನುವುದನ್ನೂ ನೋಡಿದ್ದೇನೆ."

ಅವರು ಕೊಡೆಯ ತುದಿಯಿಂದ ನೆಲ ಕೆದಕಿದರು. "ಉಗ್ರಾಣ ಖಾಲಿ ಮಾಡಿಸ್ತೇನೆ. ಶನಿವಾರದ ಪೀರಿಯಡ್ ನೀವು ತೆಗೆದುಕೊಳ್ಳಿ."

ತೆಗೆದುಕೊಂಡೆ. ಮೊದಲ ಶನಿವಾರ, ಟೀಚರ ಮನೆಯಿಂದ ತಂದ ಯಂತ್ರದ ತಂತಿಗಳನ್ನೆಲ್ಲ ಬಿಚ್ಚಿ, ನನಗೆ ತಿಳಿದಂತೆ ಮತ್ತೆ ಜೋಡಿಸುತ್ತ, ಯಾವುದು ಯಾವುದರ ಕೆಲಸವೆಂದು ವಿವರಿಸತೊಡಗಿದೆ. ಹೊಲಿಗೆ ತರಗತಿಯ ಹುಡುಗಿಯರು ಮೇಜಿನ ಸುತ್ತ ನಿಂತು ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು. ಕೊನೆಗೆ ಒಬ್ಬಳಿಗೆ ತಡೆಯಲಾಗಲಿಲ್ಲ.

"ಸಾರ್, ಆ ವಯರು ಅಲ್ಲಿಗಲ್ಲ," ಎಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡಳು.